ಚೆಂಡೆ ಸುಮ್ಮನಿದ್ದಾಗ ಗೆದ್ದ ಹಾಡು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ತಿಂಗಳಿನಲ್ಲಿ ಯೂರೋಪಿನ ದೇಶಗಳ ನಡುವೆ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಚಿತ್ರಪುಟವನ್ನು ನೋಡಿದೆ. ವೇದಿಕೆಯ ತುಂಬ ಬೆಂಕಿ, ಹೊಗೆ, ಮಿಂಚುವ ಉಡುಪು, ಮೇಲಿನಿಂದ ಇಳಿಯುವ ದೀಪದ ಸಾಲು. ಚಿತ್ರಗಳು ಚೆನ್ನಾಗಿದ್ದವು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಸ್ಪರ್ಧೆಯ ಚರಿತ್ರೆಯಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಹಾಡಿಗೆ ಬೆಂಕಿಯೂ ಇರಲಿಲ್ಲ, ಕುಣಿಯುವವರೂ ಇರಲಿಲ್ಲ ಎಂಬ ಸಂಗತಿಗೆ ಆ ಪುಟದಲ್ಲಿ ಒಂದು ಸಾಲಿನ ಜಾಗವೂ ಸಿಕ್ಕಿರಲಿಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಕತ್ತರಿಸುವುದಾದರೆ ಕೊನೆಯ ಭಾಗವನ್ನು ಮಾತ್ರ ಉಳಿಸಿಕೊಡಿ ಎಂದು ವಿನಂತಿ.

ನಾನು ಸಂಗೀತ ಕಲಿತವನಲ್ಲ. ಕಟಪಾಡಿಯಲ್ಲಿ ಧ್ವನಿವರ್ಧಕ ಮತ್ತು ದೀಪಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ತಂದೆಯ ಕಾಲದಲ್ಲಿ ತೆಂಗಿನ ಮರಕ್ಕೆ ಕಟ್ಟುವ ಎರಡು ಕಹಳೆ ಸ್ಪೀಕರ್ ಇದ್ದವು, ಈಗ ಲಾರಿ ತುಂಬ ಪೆಟ್ಟಿಗೆಗಳಿವೆ. ಊರಿನವರ ಬಾಯಲ್ಲಿ ಮಾತ್ರ ಅಂದೂ ಇಂದೂ ನಾವು ‘ಮೈಕಿನವರು’. ನೇಮ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಇಗರ್ಜಿಯ ಹಬ್ಬ, ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್, ಸಂಘಗಳ ಗಾಯನ ಸ್ಪರ್ಧೆ, ಎಲ್ಲಕ್ಕೂ ಹೋಗುತ್ತೇವೆ. ಹಾಗಾಗಿ ನಾನು ಹಾಡು ಕೇಳಿದ್ದೆಲ್ಲ ಮಿಕ್ಸರಿನ, ಅಂದರೆ ದನಿಗಳನ್ನು ಏರಿಸಿ ಇಳಿಸಿ ಹೊಂದಿಸುವ ಯಂತ್ರದ, ಹಿಂದೆ ಕುಳಿತು. ಸಭೆಯಲ್ಲಿ ಕುಳಿತವರಿಗೆ ಹಾಡು ಒಂದೇ ಆಗಿ ಕೇಳಿಸುತ್ತದೆ, ನಮಗೆ ಬಿಡಿ ಬಿಡಿಯಾಗಿ ಕೇಳಿಸುತ್ತದೆ: ಕಂಠ ಬೇರೆ, ತಬಲ ಬೇರೆ, ಕೀಬೋರ್ಡ್ ಬೇರೆ. ಯಾರು ಯಾರನ್ನು ಮುಚ್ಚಿಹಾಕುತ್ತಿದ್ದಾರೆ ಎಂಬುದು ನಮಗೆ ಮೊದಲು ಗೊತ್ತಾಗುತ್ತದೆ.

ನಾನು ಹೇಳುತ್ತಿರುವ ಹಾಡು ‘ಅಮಾರ್ ಪೆಲೊಸ್ ದೊಯಿಸ್’. 2017ರ ಮೇ 13ರಂದು ಉಕ್ರೇನಿನ ಕೀವ್ ನಗರದಲ್ಲಿ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಇದನ್ನು ಹಾಡಿ ಗೆದ್ದ. ಸಾಹಿತ್ಯ, ರಾಗ ಎರಡೂ ಅವನ ಅಕ್ಕ ಲುಯೀಸಾ ಸೊಬ್ರಾಲ್ ಅವರದು. ಆ ಸ್ಪರ್ಧೆಯಲ್ಲಿ ಪ್ರತಿ ದೇಶವೂ ಎರಡು ಬಾರಿ ಅಂಕ ಕೊಡುತ್ತದೆ. ಸಂಗೀತ ಬಲ್ಲ ತೀರ್ಪುಗಾರರು (2017ರಲ್ಲಿ ಐವರು) ಒಂದು ಸಲ, ಮನೆಯಲ್ಲಿ ಕುಳಿತು ಫೋನಿನಿಂದ ಮತ ಹಾಕುವ ಜನ ಇನ್ನೊಂದು ಸಲ. ಮೊದಲ ಸ್ಥಾನಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ ಕೆಳಗೆ. ತಮ್ಮ ದೇಶಕ್ಕೆ ತಾವೇ ಕೊಡುವಂತಿಲ್ಲ. ಆ ವರ್ಷ 42 ದೇಶಗಳಿದ್ದವು. ಲೆಕ್ಕ ಹಾಕಿದರೆ ಒಂದು ಹಾಡಿಗೆ ಸಿಗಬಹುದಾದ ಗರಿಷ್ಠ ಅಂಕ 984. ಸಾಲ್ವಡೋರನಿಗೆ ಸಿಕ್ಕಿದ್ದು 758. ಅದರಲ್ಲಿ ತೀರ್ಪುಗಾರರದ್ದು 382, ಜನರದ್ದು 376. ನಮ್ಮಲ್ಲಿ ತೀರ್ಪುಗಾರರು ಒಂದು ಕಡೆ, ಜನ ಇನ್ನೊಂದು ಕಡೆ ನಿಂತು ವೇದಿಕೆಯ ಹಿಂದೆ ಜಗಳವಾಗುವುದನ್ನು ನೋಡಿ ನೋಡಿ ಅಭ್ಯಾಸವಾದ ನನಗೆ ಆ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರುವುದೇ ಒಂದು ಸೋಜಿಗ.

ಪೋರ್ಚುಗಲ್ಲಿಗೆ ಅದು ಮೊದಲ ಗೆಲುವು. 1964ರಲ್ಲಿ ಮೊದಲ ಸಲ ಬಂದಾಗ ಆ ದೇಶಕ್ಕೆ ಸಿಕ್ಕಿದ್ದು ಸೊನ್ನೆ. ಆಮೇಲಿನ ಐದು ದಶಕಗಳಲ್ಲಿ ಅತ್ಯುತ್ತಮ ಸಾಧನೆ 1996ರ ಆರನೆಯ ಸ್ಥಾನ. 2016ರಲ್ಲಿ ಸ್ಪರ್ಧೆಗೇ ಬಂದಿರಲಿಲ್ಲ. ಸೋತ ಹಾಡೂ ಏನು ಮಾಡಬಲ್ಲದು ಎಂಬುದಕ್ಕೆ ಆ ದೇಶದ್ದೇ ಒಂದು ಕಥೆ ಇದೆ, ಇಲ್ಲಿ ಹೇಳದೆ ಇರಲಾರೆ. 1974ರಲ್ಲಿ ಪಾವ್ಲೊ ದೆ ಕಾರ್ವಾಲ್ಯೊ ಎಂಬವರು ಹಾಡಿದ ಪೋರ್ಚುಗಲ್ಲಿನ ಹಾಡು ಕಟ್ಟಕಡೆಯ ಸ್ಥಾನವನ್ನು ಹಂಚಿಕೊಂಡಿತು. ಅದೇ ಏಪ್ರಿಲ್ 24ರ ರಾತ್ರಿ ಲಿಸ್ಬನ್ನಿನ ರೇಡಿಯೊದಲ್ಲಿ ಅದೇ ಹಾಡು ಬಂದಿತು. ಅದು ದಂಗೆ ಏಳಲಿದ್ದ ಸೈನಿಕರಿಗೆ ಕೊಟ್ಟ ಮೊದಲ ಸನ್ನೆಯಾಗಿತ್ತು. ಮರುದಿನ ಸರ್ವಾಧಿಕಾರ ಬಿದ್ದಿತು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಕಾಗದದ ಮೇಲೆ ಒಪ್ಪಿಕೊಂಡದ್ದು ಆ ವರ್ಷದ ಕೊನೆಯ ದಿನ. ಸ್ಪರ್ಧೆಯಲ್ಲಿ ಕೊನೆಗೆ ಬಂದ ಮಕ್ಕಳ ತಂದೆತಾಯಿಗಳಿಗೆ ನಾನು ಈ ಕಥೆಯನ್ನು ಹೇಳುವುದುಂಟು.

2017ರ ಗೆಲುವಿಗೆ ಇನ್ನೊಂದು ಮಗ್ಗುಲಿದೆ. ಹಿಂದೆ ಅಲ್ಲಿ ಆಯಾ ದೇಶದವರು ತಮ್ಮ ಭಾಷೆಯಲ್ಲೇ ಹಾಡಬೇಕೆಂಬ ನಿಯಮವಿತ್ತು, 1999ರಲ್ಲಿ ಅದನ್ನು ಕೈಬಿಟ್ಟರು. ಅಲ್ಲಿಂದ ಮುಂದೆ ಹೆಚ್ಚಿನವರು ಇಂಗ್ಲಿಷಿಗೆ ಹಾರಿದರು. ಪೂರ್ತಿ ಬೇರೆ ಭಾಷೆಯಲ್ಲಿದ್ದ ಹಾಡು ಗೆದ್ದದ್ದು 2007ರಲ್ಲಿ, ಸೆರ್ಬಿಯಾದ್ದು. ಅದಾದ ಮೇಲೆ ಪೋರ್ಚುಗೀಸಿನ ಈ ಹಾಡೇ. ಯೂರೋಪಿನ ಬಹುಪಾಲು ಜನರಿಗೆ ಅದರ ಒಂದು ಪದವೂ ಅರ್ಥವಾಗಿರಲಾರದು. ಆದರೂ ಮತ ಹಾಕಿದರು.

ನನಗೂ ಅರ್ಥವಾಗಿರಲಿಲ್ಲ. ಶಿರ್ವದ ಕಡೆಯ ಒಂದು ಮದುವೆಯ ಔತಣಕ್ಕೆ ಸಭಾಂಗಣದಲ್ಲಿ ಸ್ಪೀಕರ್ ಜೋಡಿಸುತ್ತಿದ್ದಾಗ ಮದುಮಗಳ ತಮ್ಮ ಪೆನ್ ಡ್ರೈವ್ ತಂದು, ಗಂಡು ಹೆಣ್ಣಿನ ಮೊದಲ ನೃತ್ಯಕ್ಕೆ ಈ ಹಾಡನ್ನು ಹಾಕಿ ಎಂದ. ಇನ್ನೂ ಮಧ್ಯಾಹ್ನ, ಖಾಲಿ ಸಭಾಂಗಣ, ಕುರ್ಚಿಗಳಿಗೆ ಬಟ್ಟೆ ತೊಡಿಸುವ ಹುಡುಗರು ಬಿಟ್ಟರೆ ಯಾರೂ ಇರಲಿಲ್ಲ. ಪರೀಕ್ಷೆಗೆಂದು ಹಾಕಿದೆ. ಮೊದಲು ತಂತಿವಾದ್ಯಗಳು, ಆಮೇಲೆ ಪಿಯಾನೊ, ಅದರ ಮೇಲೆ ಕಿವಿಯ ಹತ್ತಿರ ಬಂದು ಮಾತನಾಡುವಂಥ ಒಂದು ಗಂಡು ದನಿ. ಡ್ರಮ್ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಬಾಸ್ ಸ್ಪೀಕರಿನ ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಬರಲಿಲ್ಲ. ಮೂರು ನಿಮಿಷದಲ್ಲಿ ಹಾಡು ಮುಗಿಯಿತು. ಕುರ್ಚಿಯ ಹುಡುಗರಲ್ಲಿ ಒಬ್ಬ, “ಅಣ್ಣ, ಇನ್ನೊಂದು ಸಲ ಹಾಕುತ್ತೀರಾ?” ಎಂದು ಕೇಳಿದ. ನಮ್ಮ ಕಸುಬಿನಲ್ಲಿ ಹೀಗೆ ಕೇಳುವವರು ಕಡಿಮೆ. ಸಾಮಾನ್ಯವಾಗಿ ಕೇಳುವುದು, ಯಾವಾಗ ನಿಲ್ಲಿಸುತ್ತೀರಿ ಎಂದು.

ಅಂದು ರಾತ್ರಿ ಔತಣಕ್ಕೆ ಮಡಗಾಂವ್‌ನಿಂದ ಬಂದಿದ್ದ, ಪೋರ್ಚುಗೀಸರ ಆಡಳಿತವಿದ್ದಾಗ ಶಾಲೆಗೆ ಹೋದ ಹಿರಿಯರೊಬ್ಬರು ನನ್ನ ಮೇಜಿನ ಬಳಿ ಬಂದು ನಿಂತು ಹಾಡನ್ನು ಪೂರ್ತಿ ಕೇಳಿದರು. ಮುಗಿದ ಮೇಲೆ ಕೊಂಕಣಿಯಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿದರು. ಬಿಟ್ಟುಹೋದವಳನ್ನು ನೆನೆದು ಹಾಡುವ ಹಾಡು ಅದು. ಒಬ್ಬರೇ ಪ್ರೀತಿಸಲು ಆಗುವುದಿಲ್ಲವೆಂದು ನನಗೆ ಗೊತ್ತು, ಆದರೂ ಮರಳಿ ಬಾ, ನಿನ್ನ ಹೃದಯ ಒಪ್ಪದಿದ್ದರೆ ನಮ್ಮಿಬ್ಬರ ಪಾಲಿನ ಪ್ರೀತಿಯನ್ನೂ ನನ್ನ ಹೃದಯವೇ ಮಾಡೀತು ಎನ್ನುತ್ತಾನಂತೆ. ಅಲ್ಲಿ ನಡುವೆ ನವದಂಪತಿ ಕೈ ಕೈ ಹಿಡಿದು ಸುತ್ತುತ್ತಿದ್ದರು. ಹಿರಿಯರು ನಕ್ಕು, “ಈಗ ಅವರಿಗೆ ಹೇಳುವುದು ಬೇಡ” ಎಂದರು. ನಾನೂ ಹೇಳಲಿಲ್ಲ. ಆಮೇಲೆ ಬ್ಯಾಂಡಿನವರು ಬೈಲಾ ಶುರು ಮಾಡಿದರು, ಎಲ್ಲರೂ ಎದ್ದರು.

ಮನೆಗೆ ಬಂದು ಕೀವ್ ಸ್ಪರ್ಧೆಯ ದೃಶ್ಯವನ್ನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಈಗಲೂ ಆಗಾಗ ನೋಡುತ್ತೇನೆ. ಸಾಲ್ವಡೋರ್ ಅವನ ದೇಹಕ್ಕೆ ಸ್ವಲ್ಪ ದೊಡ್ಡದಾದ ಕಪ್ಪು ಕೋಟು ಹಾಕಿಕೊಂಡು ದೊಡ್ಡ ವೇದಿಕೆಯನ್ನು ಬಿಟ್ಟು ಪ್ರೇಕ್ಷಕರ ನಡುವೆ ಇದ್ದ ಚಿಕ್ಕ ವೇದಿಕೆಯ ಮೇಲೆ ನಿಂತಿದ್ದಾನೆ. ಹಿಂದಿನ ಪರದೆಯಲ್ಲಿ ಕಾಡಿನ ಮರಗಳು. ಹಾಡುವಾಗ ಕೈಬೆರಳು, ಭುಜ, ಮುಖ ಅವನ ಹತೋಟಿಯಲ್ಲಿ ಇಲ್ಲದಂತೆ ಅಲುಗುತ್ತವೆ. ಯಾರೂ ಅವನಿಗೆ ಹಾವಭಾವ ಕಲಿಸಿಕೊಟ್ಟಿಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ. ಕೊನೆಯಲ್ಲಿ ದನಿ ಎತ್ತುವ ಕಡೆ ಎತ್ತುವುದಿಲ್ಲ. ಮೆಲ್ಲಗೆ ಇಳಿಸಿ ಬಿಟ್ಟುಬಿಡುತ್ತಾನೆ. ನಮ್ಮ ಸ್ಪರ್ಧೆಗಳಲ್ಲಿ ಆ ಜಾಗಕ್ಕೇ ಚಪ್ಪಾಳೆ ಗಿಟ್ಟಿಸುವ ತಾರಸ್ಥಾಯಿ ಬರುತ್ತದೆ, ಹಿಂದಿನಿಂದ ಹೂಕುಂಡದಂಥ ಕಿಡಿಗಳೂ ಏಳುತ್ತವೆ.

ಎಲ್ಲರೂ ಹಾಡುಗಾರನನ್ನು ಹೊಗಳುತ್ತಾರೆ, ಹೊಗಳಲಿ. ಮೈಕಿನವನಾಗಿ ನಾನು ಹೊಗಳಬೇಕಾದದ್ದು ಅವನ ಸುತ್ತ ಇದ್ದವರನ್ನು. ಲುಯೀಸಾ ಸ್ವತಃ ಹೆಸರು ಮಾಡಿದ ಗಾಯಕಿ. ಹಾಡು ಬರೆದುಕೊಡಿ ಎಂದು ಪೋರ್ಚುಗಲ್ಲಿನ ಸರ್ಕಾರಿ ಟಿವಿಯವರು ಕೇಳಿದ್ದು ಅವರನ್ನು. ಬರೆದು ತಾವೇ ಹಾಡಬಹುದಿತ್ತು, ತಮ್ಮನಿಗೆ ಕೊಟ್ಟರು. ತಮ್ಮನಿಗೆ ಹೃದಯದ ತೀವ್ರ ಕಾಯಿಲೆ. ಕೀವ್‌ನ ಮೊದಲ ಅಭ್ಯಾಸಗಳಿಗೆ ಅವನು ಬರುವ ಸ್ಥಿತಿಯಲ್ಲಿ ಇರಲಿಲ್ಲ. ಕ್ಯಾಮೆರಾದವರಿಗೆ, ದೀಪದವರಿಗೆ, ಧ್ವನಿಯವರಿಗೆ ಅಳತೆ ಸಿಗಲೆಂದು ಅಕ್ಕನೇ ಅವನ ಜಾಗದಲ್ಲಿ ನಿಂತು ಹಾಡಿದರು. ಅವನು ಬಂದ ಕೂಡಲೇ ಪಕ್ಕಕ್ಕೆ ಸರಿದರು. ಗೆದ್ದ ಮೇಲೆ ಮತ್ತೊಮ್ಮೆ ಹಾಡುವ ಸಂಪ್ರದಾಯವಿದೆ. ಆಗ ಅವನು ಅಕ್ಕನನ್ನು ವೇದಿಕೆಗೆ ಕರೆದ, ಇಬ್ಬರೂ ಸಾಲು ಹಂಚಿಕೊಂಡು ಹಾಡಿದರು. ಸ್ಪರ್ಧೆಯ ಹಾಡಿಗಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದೇ ವರ್ಷ ಡಿಸೆಂಬರಿನಲ್ಲಿ ಅವನಿಗೆ ಹೃದಯ ಕಸಿ ಆಯಿತು. ಮುಂದಿನ ಮೇ ತಿಂಗಳಿನಲ್ಲಿ ಲಿಸ್ಬನ್ನಿನಲ್ಲಿ ಸ್ಪರ್ಧೆ ನಡೆದಾಗ ಅವನು ಬ್ರೆಜಿಲ್ಲಿನ ಗಾಯಕ ಕಾಯೆತಾನೊ ವೆಲೊಸೊ ಅವರ ಜೊತೆ ನಿಂತು ಮತ್ತೆ ಹಾಡಿದ.

ಇನ್ನು ತಂತಿವಾದ್ಯಗಳನ್ನು ಹೊಂದಿಸಿಕೊಟ್ಟ ಲುಯೀಸ್ ಫಿಗೆರೇದೊ. ಕಂಠ ಇರುವ ಕಡೆ ವಾದ್ಯಗಳು ಕೆಳಗೆ ಇರುತ್ತವೆ, ಕಂಠ ಉಸಿರು ತೆಗೆದುಕೊಳ್ಳುವಾಗ ಮಾತ್ರ ಮೇಲೆ ಬರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆ ಹಾಡಿಗೆ ಮಿಕ್ಸರಿನವನ ಕೈ ಬೇಕಾಗಿಯೇ ಇಲ್ಲ, ಬರೆಯುವಾಗಲೇ ಏರಿಳಿತ ಬರೆದಾಗಿದೆ. ಯೂರೋವಿಷನ್ನಿನಲ್ಲಿ ಈಗ ವಾದ್ಯಗೋಷ್ಠಿ ಇಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ವಾದ್ಯಗಳೆಲ್ಲ ಮೊದಲೇ ಮುದ್ರಿಸಿದ ಟ್ರ್ಯಾಕ್, ಮುಖ್ಯ ಗಾಯನ ಮಾತ್ರ ಅಲ್ಲೇ ಹಾಡಬೇಕು, ಹಾಡು ಮೂರು ನಿಮಿಷ ಮೀರಬಾರದು. ಅಂದರೆ ನಮ್ಮ ಊರಿನ ಟ್ರ್ಯಾಕ್ ಹಾಡುಗಾರಿಕೆಯ ವ್ಯವಸ್ಥೆಯೇ. ಹಾಗಾಗಿ ಟ್ರ್ಯಾಕ್ ಇದ್ದರೆ ಹಾಡು ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಡು ಕೆಡುವುದು ಟ್ರ್ಯಾಕಿಗೆ ಮಿತಿ ತಿಳಿಯದಿದ್ದಾಗ.

ಈ ಮಿತಿ ನಮಗೆ ಹೊಸದಲ್ಲ ಎಂಬುದೇ ನನ್ನ ಸಂಕಟ. ಯಕ್ಷಗಾನದಲ್ಲಿ ಕರುಣರಸದ ಪದ್ಯ ಬಂದಾಗ ಭಾಗವತರ ಕೈಯಲ್ಲಿ ತಾಳ ನಿಧಾನವಾಗುತ್ತದೆ, ಚೆಂಡೆಯವರು ಕೋಲು ಕೆಳಗಿಟ್ಟು ಕುಳಿತುಕೊಳ್ಳುತ್ತಾರೆ, ಮದ್ದಳೆಯೊಂದೇ ಮೆಲ್ಲಗೆ ನುಡಿಯುತ್ತದೆ. ಯುದ್ಧದ ಪದ್ಯದಲ್ಲಿ ಊರೇ ಎದ್ದು ಕೂರುವಂತೆ ಬಾರಿಸಬಲ್ಲ ಆ ಚೆಂಡೆಯವರು ಇಡೀ ಪದ್ಯ ಸುಮ್ಮನಿರುತ್ತಾರೆ. ಸುಮ್ಮನಿದ್ದುದಕ್ಕೆ ಯಾರೂ ಅವರಿಗೆ ಶಾಲು ಹೊದಿಸುವುದಿಲ್ಲ. ಆದರೆ ಹರಿಶ್ಚಂದ್ರನ ಮುಂದೆ ಚಂದ್ರಮತಿ ಮಗನ ಶವ ಹಿಡಿದು ಕುಳಿತಾಗ ಬಯಲಿನಲ್ಲಿ ಕುಳಿತ ಜನ ಕಣ್ಣು ಒರೆಸಿಕೊಳ್ಳುವುದು ಆ ಚೆಂಡೆಯವರಿಂದ. ರೋಸ್‌ನಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಎರೆಯುವಾಗ ಹಿರಿಯ ಹೆಂಗಸರು ಹಾಡುವ ವೊವಿಯೊಗಳೂ ಹಾಗೆಯೇ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೇರುತ್ತಾರೆ. ಅಲ್ಲಿ ನಾನು ಇಡುವುದು ಒಂದೇ ಮೈಕ್, ಅಂಗಡಿಯಲ್ಲಿರುವುದರಲ್ಲಿ ಉತ್ತಮವಾದದ್ದು, ಅದನ್ನೂ ಸ್ವಲ್ಪ ದೂರದಲ್ಲಿ.

ಗಾಯನ ಸ್ಪರ್ಧೆಗಳಿಗೆ ಬಂದರೆ ಈ ವಿವೇಕ ಎಲ್ಲಿ ಹೋಗುತ್ತದೋ ತಿಳಿಯದು. ಕಳೆದ ಮಳೆಗಾಲಕ್ಕೆ ಮೊದಲು ಒಂದು ಕಡೆ (ಊರು, ಸಂಘ ಬೇಡ, ಬಾಡಿಗೆ ಸಮಯಕ್ಕೆ ಕೊಟ್ಟವರು) ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಭಾವಗೀತೆ ಹಾಡಿದಳು. ತೆಳ್ಳನೆಯ, ಶುದ್ಧವಾದ ದನಿ. ಸಂಘಟಕರು ನನ್ನ ಭುಜ ತಟ್ಟಿ, “ಸೌಂಡ್ ಸ್ವಲ್ಪ ಜಾಸ್ತಿ ಮಾಡಿ ಮಾರಾಯರೇ, ಹಿಂದಿನವರಿಗೆ ಮುಟ್ಟುವುದಿಲ್ಲ” ಎಂದರು. ಹಿಂದೆ ಕುಳಿತವರು ಐಸ್ಕ್ರೀಂ ತಿನ್ನುತ್ತಿದ್ದರು, ಅವರಿಗೆ ಏನು ಮಾಡಿದರೂ ಮುಟ್ಟುವಂತಿರಲಿಲ್ಲ. ಟ್ರ್ಯಾಕ್ ಹೆಚ್ಚಿಸಿದರೆ ಕಂಠ ಮುಳುಗುತ್ತದೆ, ಕಂಠ ಹೆಚ್ಚಿಸಿದರೆ ಮೈಕ್ ಕೂಗುತ್ತದೆ. ಮಾತಿನ ವ್ಯಂಜನಗಳು ತಿಳಿಯಾಗಿ ಕೇಳಿಸುವುದು ಎರಡರಿಂದ ನಾಲ್ಕು ಸಾವಿರ ಹರ್ಟ್ಜ್‌ನ ಆಸುಪಾಸಿನಲ್ಲಿ. ಟ್ರ್ಯಾಕಿನ ತಾಳದ ಚಟಚಟ ಶಬ್ದವೂ ಅಲ್ಲಿಯೇ ಬಂದು ಕೂರುತ್ತದೆ. ಆಗ ಸ್ವರ ಕೇಳುತ್ತದೆ, ಪದ ಕೇಳುವುದಿಲ್ಲ. ಭಾವಗೀತೆಯಲ್ಲಿ ಪದ ಕೇಳಿಸದಿದ್ದರೆ ಉಳಿಯುವುದೇನು? ಅಷ್ಟು ಸಾಲದೆಂದು ಎರಡನೆಯ ಚರಣದಲ್ಲಿ ಹೊಗೆಯ ಯಂತ್ರ ಬಿಟ್ಟರು. ಹುಡುಗಿ ಕೆಮ್ಮಿದಳು. ಒಬ್ಬ ತೀರ್ಪುಗಾರರು, “ವೇದಿಕೆಯ ಮೇಲೆ ಇನ್ನೂ ಸ್ವಲ್ಪ ಲವಲವಿಕೆ ಬೇಕಿತ್ತು ಮಗೂ” ಎಂದರು.

ಸಂಘಟಕರಿಗೆ ಒಂದು ಲೆಕ್ಕ ಹೇಳಬೇಕು. ಶಬ್ದವನ್ನು ಮೂರು ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು, ಆದರೆ ಕೇಳುವವನ ಕಿವಿಗೆ ಅದು ಇಮ್ಮಡಿಯಾಗಿ ಕೇಳಿಸುವುದಿಲ್ಲ, ‘ಸ್ವಲ್ಪ ಜಾಸ್ತಿ’ ಎಂದಷ್ಟೇ ಕೇಳಿಸುತ್ತದೆ. ಅಂದರೆ ಆ ‘ಸ್ವಲ್ಪ ಜಾಸ್ತಿ’ಗೆ ನನ್ನ ಯಂತ್ರ ಎರಡು ಪಟ್ಟು ದುಡಿಯಬೇಕು. ಇನ್ನು ಕಾನೂನು. 2000ನೆಯ ಇಸವಿಯ ನಿಯಮಗಳಂತೆ ಜನವಸತಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕವೇ ಇಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದ ಆಟಗಳು ಕಾಲಮಿತಿಗೆ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಪೊಲೀಸರು ಬಂದಾಗ ಮುಂದೆ ನಿಲ್ಲಬೇಕಾದವನು ಮೈಕಿನವನು, ‘ಜಾಸ್ತಿ ಮಾಡಿ’ ಎಂದವರು ಆ ಹೊತ್ತಿಗೆ ಊಟದ ಸಾಲಿನಲ್ಲಿ ಇರುತ್ತಾರೆ.

ಗೆದ್ದ ರಾತ್ರಿ ವೇದಿಕೆಯ ಮೇಲೆಯೇ ಸಾಲ್ವಡೋರ್ ಒಂದು ಮಾತು ಹೇಳಿದ. ಬಳಸಿ ಬಿಸಾಡುವ ಸಂಗೀತದ ಕಾಲದಲ್ಲಿ ನಾವಿದ್ದೇವೆ, ಸಂಗೀತವೆಂದರೆ ಬಾಣಬಿರುಸಲ್ಲ, ಭಾವ ಎಂಬ ಅರ್ಥದ ಮಾತು ಅದು. ಬಹಳ ಜನ ಮೆಚ್ಚಿದರು, ಜೊತೆಯ ಸ್ಪರ್ಧಿಗಳಲ್ಲಿ ಕೆಲವರಿಗೆ ನೋವೂ ಆಯಿತು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬಾಣಬಿರುಸಿಗೂ ಒಂದು ಜಾಗವಿದೆ. ಪಿಲಿವೇಷದ (ಹುಲಿವೇಷದ) ತಾಸೆ ವಾದ್ಯದ ಹೊಡೆತಕ್ಕೆ ಮೈ ಝುಮ್ಮೆನ್ನದವನು ನಮ್ಮ ಉಡುಪಿಯವನೇ ಅಲ್ಲ, ಅದು ಮೆಲ್ಲಗೆ ಬಾರಿಸುವ ವಾದ್ಯವೂ ಅಲ್ಲ. ಗೆದ್ದವನು ಸೋತವರ ಎದುರು ಹೀಗೆ ಹೇಳಬಾರದಿತ್ತು ಎಂದೂ ಅನ್ನಿಸುತ್ತದೆ. ಅಲ್ಲದೆ ಯೂರೋಪಿನ ಜನ ಆ ಮಾತಿಗೆ ಕಟ್ಟುಬಿದ್ದವರೂ ಅಲ್ಲ. ಮರುವರ್ಷ ಲಿಸ್ಬನ್ನಿನಲ್ಲಿ ಗೆದ್ದದ್ದು ಇಸ್ರೇಲಿನ ಹುಡುಗಿಯೊಬ್ಬಳು ಕೋಳಿಯ ಹಾಗೆ ಕೊಕ್ಕೊಕ್ಕೋ ಎನ್ನುತ್ತ ಹಾಡಿದ ಭಾರೀ ಗದ್ದಲದ ಹಾಡು. ಅದೂ ತಮಾಷೆಯಾಗಿಯೇ ಇದೆ, ನಮ್ಮ ಮಕ್ಕಳು ಕುಣಿದರು. ಗದ್ದಲ ಬೇಡವೆನ್ನುವುದು ನನ್ನ ವಾದವಲ್ಲ. ಯಾವ ಹಾಡಿಗೆ ಗದ್ದಲ ಬೇಡವೋ ಅದಕ್ಕೂ ಅದನ್ನೇ ಹೊರಿಸುವವರ ಮೇಲೆ ನನ್ನ ಸಿಟ್ಟು.

ಆದ್ದರಿಂದ ಮಂಗಳೂರು, ಉಡುಪಿ ಕಡೆಯಲ್ಲಿ ಗಾಯನ ಸ್ಪರ್ಧೆ ನಡೆಸುವ ಯುವಕ ಮಂಡಲ, ಭಜನಾ ಮಂದಿರ, ಸಂಘಗಳವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಎಲ್ಲ ಸುತ್ತುಗಳೂ ನಿಮ್ಮ ಇಷ್ಟದಂತೆ ಇರಲಿ. ಒಂದು ಸುತ್ತು ಮಾತ್ರ ಟ್ರ್ಯಾಕ್ ಇಲ್ಲದೆ, ಎಲ್ಇಡಿ ಪರದೆ ಆರಿಸಿ, ಬರೀ ಶ್ರುತಿಪೆಟ್ಟಿಗೆಯ ಜೊತೆ ಹಾಡಿಸಿ. ಹಾರ್ಮೋನಿಯಂ ನುಡಿಸುವವರು ಊರಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆದರೆ ಇನ್ನೂ ಒಳ್ಳೆಯದು. ಭಾಷೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕಡೆಯ ಮಾತು, ಮಗುವಿಗೆ ಮನೆಯಲ್ಲಿ ಯಾವುದು ಬರುತ್ತದೋ ಅದು. ತೀರ್ಪುಗಾರರ ಹಾಳೆಯಲ್ಲಿ ಉಡುಪು ಎಂಬ ಕಲಮಿಗೆ ಆ ಸುತ್ತಿನಲ್ಲಿ ಒಂದು ಗೆರೆ ಎಳೆಯಿರಿ. ಐಸ್ಕ್ರೀಂನವರಿಗೆ ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸದಂತೆ ಹೇಳಿ. ಇದು ನಿಜವಾಗಿಯೂ ಮುಖ್ಯ.

ಅಂಥ ಸುತ್ತನ್ನು ಇಡುವ ಯಾವ ಸಂಘವಾದರೂ ಕಟಪಾಡಿಗೆ ಬಂದು ಮೈಕಿನವರು ಎಂದು ಕೇಳಿದರೆ ಅಂಗಡಿ ತೋರಿಸುತ್ತಾರೆ. ಅಷ್ಟು ಹೊತ್ತಿನ ಮೈಕ್, ಸ್ಪೀಕರ್ ಬಾಡಿಗೆ ನನಗೆ ಬೇಡ, ಮಿಕ್ಸರಿನ ಹಿಂದೆ ನಾನೇ ಕೂರುತ್ತೇನೆ. ಕರೆಂಟ್ ಹೋದರೆ ಜನರೇಟರಿನ ಡೀಸೆಲ್ ಮಾತ್ರ ಸಂಘದ್ದು. ಚೌತಿ ಮತ್ತು ನವರಾತ್ರಿಯ ದಿನಗಳನ್ನು ಬಿಟ್ಟು ಬನ್ನಿ, ಆಗ ಪುರುಸೊತ್ತು ಇರುವುದಿಲ್ಲ.

ಇಂತು,
ನಿಮ್ಮ ಬಹುಕಾಲದ ಓದುಗ,
ಕಟಪಾಡಿ, ಉಡುಪಿ ಜಿಲ್ಲೆ